ಅಪ್ಪನ ಮೂಗು

ನನ್ನ ಹೊಟ್ಟೆಕಿಚ್ಚಿಗೆ ಒಂದು ಆಕಾರವಿದ್ದರೆ ಅದು ಮೂಗಿನ ಆಕಾರ. ನಮ್ಮಕ್ಕನ ಮೂಗು. ಅದೇನು ನಿಂತು ನೋಡುವಂಥ ಮೂಗಲ್ಲ. ಬುಡದಲ್ಲಿ ದಪ್ಪ, ತುದಿಯಲ್ಲಿ ಇನ್ನೂ ದಪ್ಪ. ಮೂಗುಬೊಟ್ಟು ಇಟ್ಟರೆ ಗುಡ್ಡದ ಮೇಲೆ ದಾರಿ ತಪ್ಪಿದ ಮೇಕೆಮರಿಯಂತೆ ಕಾಣುತ್ತಿತ್ತು. ಅದು ಅಪ್ಪನ ಮೂಗು. ನನ್ನದು ಅಮ್ಮನದು, ನೀಳವಾಗಿ ಚೂಪಾಗಿತ್ತು. ಆಂಡರ್ಸನ್‌ಪೇಟೆಯ ನಮ್ಮ ಬೀದಿಯಲ್ಲಿ ಎಲ್ಲರೂ ಹೊಗಳುತ್ತಿದ್ದದ್ದು ನನ್ನ ಮೂಗನ್ನೇ. ಆದರೂ ಹದಿನೇಳನೇ ವಯಸ್ಸಿನಿಂದ ಆ ದಪ್ಪ ಮೂಗಿಗಾಗಿ ಹೊಟ್ಟೆ ಉರಿಸಿಕೊಂಡಷ್ಟು ನಾನು ಬೇರೆ ಯಾವುದಕ್ಕೂ ಉರಿಸಿಕೊಂಡಿಲ್ಲ. ಚಿನ್ನ ತೆಗೆಯುವ ಊರಿನಲ್ಲಿ ಹುಟ್ಟಿ ಒಡವೆಯನ್ನು ಬಿಟ್ಟು ಮೂಗಿಗೆ ಆಸೆಪಟ್ಟವಳು ಎಂದರೆ ನನ್ನ ಬುದ್ಧಿಯ ಮಟ್ಟ ನಿಮಗೆ ತಿಳಿಯುತ್ತದೆ.

ಕಾರಣವಿತ್ತು. ಐವತ್ತರ ದಶಕದ ಮೊದಮೊದಲಲ್ಲಿ ಅಮ್ಮ ಎದೆಯಲ್ಲಿ ಗಡ್ಡೆ ಬಂದು ತೀರಿಕೊಂಡಳು. ನಾವು ಹುಟ್ಟುವ ಮೊದಲೇ ಅವಳ ಅಮ್ಮನೂ ಅದೇ ಗಡ್ಡೆಯಿಂದ ಹೋಗಿದ್ದಳಂತೆ. ಕ್ಯಾನ್ಸರ್ ಎಂಬ ಮಾತು ಆಗ ಆಸ್ಪತ್ರೆಯ ಕಾಂಪೌಂಡರ್‌ಗಳ ಬಾಯಲ್ಲಿ ಮಾತ್ರ ಇತ್ತು. ನಮ್ಮವರು ತೆಲುಗಿನಲ್ಲಿ ರಾಚಪುಂಡು ಎನ್ನುತ್ತಿದ್ದರು, ಅಂದರೆ ರಾಜಹುಣ್ಣು. ರಾಜನ ಹಾಗೆ ಅದೂ ಒಂದು ವಂಶವನ್ನು ಹಿಡಿದುಕೊಂಡು ಕೂರುತ್ತದೆ ಎಂದು ಅವರಿಗೆ ಯಾವ ಡಾಕ್ಟರೂ ಹೇಳಿಕೊಡಬೇಕಾಗಿರಲಿಲ್ಲ. ಯಾರನ್ನು ಹಿಡಿಯುತ್ತದೆ, ಯಾರನ್ನು ಬಿಡುತ್ತದೆ ಎನ್ನುವುದೊಂದೇ ಪ್ರಶ್ನೆ. ಅದಕ್ಕೂ ನಮ್ಮ ಮನೆಯಲ್ಲಿ ಉತ್ತರವಿತ್ತು.

ಉತ್ತರ ಕೊಟ್ಟವಳು ಸಣ್ಣಜ್ಜಿ, ಅಂದರೆ ಅಮ್ಮನ ಚಿಕ್ಕಮ್ಮ. ಅಮ್ಮನ ತಿಥಿ ಮುಗಿದ ಮರುದಿನ ಬೆಳಗ್ಗೆ ನಮ್ಮಿಬ್ಬರನ್ನೂ ಜಗಲಿಯ ಮೇಲೆ ಬಿಸಿಲಿಗೆ ಮುಖ ಮಾಡಿ ಕೂರಿಸಿದಳು. ಸಂತೆಯಲ್ಲಿ ಕರು ಕೊಳ್ಳುವವರಂತೆ ಗಲ್ಲ ಹಿಡಿದು ಆ ಕಡೆ ಈ ಕಡೆ ತಿರುಗಿಸಿದಳು.

"ದೊಡ್ಡವಳು ಅವರಪ್ಪನ್ ಅಚ್ಚು. ಆ ಮೂಗು ನೋಡು, ಉಂಡೆ ಬೆಲ್ಲ. ಇವಳ ತಂಟೆಗೆ ಅದು ಬರಲ್ಲ" ಎಂದಳು. ಆಮೇಲೆ ನನ್ನ ಮುಖವನ್ನು ತನ್ನ ಕಡೆ ತಿರುಗಿಸಿಕೊಂಡಳು. "ಇದು ಅವರಮ್ಮನ್ನ ಎತ್ತಿ ಇಟ್ಟಂಗೈತೆ" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು. ಅತ್ತದ್ದು ಸತ್ತವಳಿಗೋ ಸಾಯಬೇಕಾದವಳಿಗೋ ನನಗೆ ತಿಳಿಯಲಿಲ್ಲ.

ಅಷ್ಟಕ್ಕೇ ನಿಂತಿದ್ದರೆ ನಾನು ಹೇಗೋ ಸಹಿಸುತ್ತಿದ್ದೆ. ಆದರೆ ಮಾವನ ವಿಷಯ ಬಂತು.

ಮಾವ ಎಂದರೆ ಅಮ್ಮನ ಕೊನೆಯ ತಮ್ಮ. ನಮ್ಮಲ್ಲಿ ಅಕ್ಕನ ಮಗಳು ತಮ್ಮನಿಗೆ ಎನ್ನುವುದು ತೊಟ್ಟಿಲಲ್ಲೇ ಆಗಿಹೋಗುವ ಮಾತು. ಅವನು ಊರಿಗಾಂನಲ್ಲಿ ಗಣಿಯವರು ಸಾಲಾಗಿ ಕಟ್ಟಿಸಿದ್ದ ಲೈನು ಮನೆಯಲ್ಲಿದ್ದ, ಗಣಿಯಲ್ಲಿ ಸ್ಯಾಂಪಲ್ ತೆಗೆಯುವ ಕೆಲಸ. ನೆಲದೊಳಗೆ ಇಳಿದು, ಸುತ್ತಿಗೆ ಉಳಿ ಹಿಡಿದು ಬಂಡೆಯ ಚೂರು ಕೆತ್ತಿ, ಚೀಲಕ್ಕೆ ಹಾಕಿ, ಇದು ಇಂಥ ಜಾಗದ್ದು ಎಂದು ಚೀಟಿ ಕಟ್ಟಿ ಪರೀಕ್ಷೆಗೆ ಕಳಿಸುವುದು. ಭಾನುವಾರ ನಮ್ಮ ಮನೆಗೆ ಬಂದರೆ ನಾನೇ ಪಕ್ಕ ಕೂತು ಕೆದಕುತ್ತಿದ್ದೆ.

"ಮಾವ, ನಿಂಗೆ ಕಲ್ಲು ನೋಡುತ್ಲೇ ಚಿನ್ನ ಐತೋ ಇಲ್ವೋ ಗೊತ್ತಾಗತ್ತಾ?"

"ಎಲ್ ಗೊತ್ತಾಗ್ತದೆ? ಪಳಪಳ ಅನ್ನೋದೆಲ್ಲ ಕಾಗೆಬಂಗಾರ. ಚಿನ್ನ ಇರೋ ಕಲ್ಲು ಬೂದಿ ಬಳಕೊಂಡಂಗೆ ಮಂಕಾಗಿ ಕೂತಿರ್ತದೆ. ಅರೆದು ಕಾಯಿಸಿ ನೋಡೋಗಂಟ ದೇವರಾಣೆ ಯಾರಿಗೂ ಗೊತ್ತಾಗಲ್ಲ."

ಆ ಮಾತನ್ನು ಅವನು ಎಷ್ಟು ಸಲ ಹೇಳಿದ್ದಾನೋ. ನಾನು ಕೇಳಿದ್ದು ಮಾತನ್ನಲ್ಲ, ದನಿಯನ್ನು. ಅಮ್ಮ ಬದುಕಿದ್ದಾಗ "ದೊಡ್ಡವಳು ಹೊರಗೆ, ಚಿಕ್ಕವಳು ನನ್ನ ತಮ್ಮನಿಗೆ" ಎಂದಿದ್ದಳು. ನಾನು ಮನಸ್ಸಿನಲ್ಲೇ ಆ ಲೈನು ಮನೆಯನ್ನು ಗುಡಿಸಿ ಸಾರಿಸಿ ಆಗಿತ್ತು.

ಸಣ್ಣಜ್ಜಿ ಒಂದೇ ಮಾತಿನಲ್ಲಿ ಅಳಿಸಿಹಾಕಿದಳು. "ಆ ಮುಖಾನ ಮತ್ತೆ ನಮ್ ಮನೆ ಒಳಕ್ಕೆ ತಂದ್ರೆ ಪುಂಡೂ ಅದರ ಇಂದೇನೇ ಬತ್ತದೆ. ಅವ್ವ ಓಗ್ಬಿಟ್ಲು, ಅಕ್ಕ ಓಗ್ಬಿಟ್ಲು. ನಾಳೆ ಎಂಡ್ತೀನೂ ಒತ್ಕೊಂಡು ಓಗ್ಬೇಕಾ ಅವನು? ದೊಡ್ಡವಳನ್ನ ಕೊಡಿ. ಅಪ್ಪನ್ ಮುಖ, ಗಟ್ಟಿ ಪಿಂಡ."

ಯಾರೂ ಎದುರು ಮಾತಾಡಲಿಲ್ಲ. ಮಾವ ಮೀಸೆ ತಿರುವುತ್ತ ನೆಲ ನೋಡಿದ. ಅಕ್ಕನೇನೂ ಕುಣಿದಾಡಲಿಲ್ಲ. ಕೊಟ್ಟರೆ ಹೋಗುತ್ತೇನೆ ಎನ್ನುವಂತೆ ಕೂತಿದ್ದಳು. ಆ ನಿರಾಸಕ್ತಿ ನನ್ನನ್ನು ಇನ್ನಷ್ಟು ಸುಟ್ಟಿತು. ಹಸಿವಿಲ್ಲದವಳಿಗೆ ಬಡಿಸಿ ಹಸಿದವಳ ಎಲೆ ಎತ್ತಿದಂತಾಯಿತು.

ಅಕ್ಕನನ್ನು ಮಾವನಿಗೆ ಕೊಟ್ಟ ವರ್ಷದೊಳಗೆ ನನ್ನನ್ನು ಬಂಗಾರಪೇಟೆಗೆ ಕೊಟ್ಟರು. ಗಂಡ ರೈಲ್ವೆ ಸ್ಟೇಷನ್ನಿನಲ್ಲಿ ಪಾರ್ಸೆಲ್ ಗುಮಾಸ್ತ. ಅವರ ಮನೆಯವರಿಗೆ ನಮ್ಮಮ್ಮ ಜ್ವರದಿಂದ ಸತ್ತಳು ಎಂದು ಹೇಳಿದ್ದರು. ಹೀಗೆ ಒಂದು ಮೂಗು, ಒಂದು ಸುಳ್ಳು, ಎರಡು ತಾಮ್ರದ ಬಿಂದಿಗೆ ನನ್ನ ಜೊತೆ ಬಂದವು. ಮುಂದೆ ನಾನು ಅಲ್ಲಿ ಪ್ರೈಮರಿ ಸ್ಕೂಲಿನ ಮೇಷ್ಟರಮ್ಮನಾದೆ. ಮಕ್ಕಳಿಗೆ ಮಗ್ಗಿ ಹೇಳಿಕೊಡುತ್ತ, ಅಮ್ಮ ಸತ್ತ ವಯಸ್ಸಿಗೆ ನನಗಿನ್ನೆಷ್ಟು ವರ್ಷ ಎಂದು ಕಳೆಯುವ ಲೆಕ್ಕವನ್ನು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ.

ಹೆದರುವುದನ್ನು ನಾನು ಒಂದು ಕಸುಬಿನಂತೆ ಕಲಿತೆ. ಪ್ರತಿ ಶುಕ್ರವಾರ ಎಣ್ಣೆಸ್ನಾನ. ಬಚ್ಚಲ ಬಾಗಿಲು ಹಾಕಿ, ಹರಳೆಣ್ಣೆ ಹಚ್ಚುವ ನೆಪದಲ್ಲಿ ಬೆರಳುಗಳಿಂದ ಎದೆ, ಕಂಕುಳು ಎಲ್ಲ ತಡಕುತ್ತಿದ್ದೆ. ಅಕ್ಕಿಯಲ್ಲಿ ಕಲ್ಲು ಆರಿಸುವಷ್ಟು ಶ್ರದ್ಧೆ. ಪಕ್ಕೆಲುಬಿನ ತುದಿಯನ್ನು ಗಡ್ಡೆ ಎಂದುಕೊಂಡು ಒಮ್ಮೆ ಸಾಯಲು ಸಿದ್ಧಳಾದೆ. ಬೆವರುಗುಳ್ಳೆಗೆ ಒಮ್ಮೆ. ಸೊಳ್ಳೆ ಕಚ್ಚಿದ್ದಕ್ಕೆ ಒಮ್ಮೆ. ಆ ಸಲ ಹೆದರಿಕೆ ತಡೆಯಲಾಗದೆ ಗಂಡನಿಗೆ ಎಲ್ಲ ಹೇಳಿಬಿಟ್ಟೆ. ಪುಣ್ಯಾತ್ಮ ಸಿಟ್ಟಾಗಲಿಲ್ಲ. ಅಂದಿನಿಂದ ಶುಕ್ರವಾರ ನಾನು ತಲೆಗೆ ಟವಲು ಸುತ್ತಿಕೊಂಡು ಹೊರಗೆ ಬಂದರೆ, "ಈ ವಾರಾನೂ ಸಾಯಲ್ವಾ? ಅಂಗಾದ್ರೆ ಕಾಫಿ ಕೊಡು" ಎನ್ನುತ್ತಿದ್ದ.

ಊರಿಗಾಂನಲ್ಲಿ ಅಕ್ಕ ಆರಾಮವಾಗಿದ್ದಳು. ನನಗೆ ಬಂಗಾರಪೇಟೆಯಲ್ಲಿ ಲಾಟೀನು, ಸೇದುವ ಬಾವಿ. ಅವಳಿಗೆ ತಲೆಯ ಮೇಲೆ ಕರೆಂಟು ಬಲ್ಬು, ಬೀದಿಯ ನಲ್ಲಿಯಲ್ಲಿ ಬೇತಮಂಗಲದ ಕೆರೆಯ ನೀರು. ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳಿಗೆ ತಾಯಿಯ ದಪ್ಪ ಮೂಗು, ಚಿಕ್ಕವಳಿಗೆ ನನ್ನದು. ಅಪ್ಪನೂ ತೀರಿಕೊಂಡ ಮೇಲೆ ಅಕ್ಕನ ಮನೆಯೇ ನನ್ನ ತವರು. ಹಬ್ಬಕ್ಕೆ ಕರೆದರೆ ಮಾರಿಕುಪ್ಪದ ರೈಲು ಹತ್ತಿ ಹೋಗುತ್ತಿದ್ದೆ, ಹೋಗಿ ಅವಳ ಬಲ್ಬು, ಅವಳ ನಲ್ಲಿ, ಅವಳ ಗಂಡ, ಅವಳ ಮೂಗು ಎಲ್ಲವನ್ನೂ ನೋಡಿ ಹೊಟ್ಟೆ ತುಂಬಿಸಿಕೊಂಡು ಬರುತ್ತಿದ್ದೆ. ಒಮ್ಮೆ, "ನೀನೂ ಶುಕ್ರವಾರ ಒಂದ್ಸಲ ಮುಟ್ಟಿ ನೋಡ್ಕೊಳೇ" ಎಂದಿದ್ದಕ್ಕೆ ಅವಳು ಮೂಗಿನ ತುದಿ ತಟ್ಟಿಕೊಂಡು ನಕ್ಕಳು. "ನಂಗ್ಯಾಕೆ? ಅಪ್ಪ ಕಾವಲು ಕೂತವ್ನಲ್ಲ ಇಲ್ಲಿ."

ಅರವತ್ತರ ದಶಕದ ನಡುವಿನ ಒಂದು ಯುಗಾದಿ. ಬೆಳಗ್ಗೆ ಬಚ್ಚಲ ಒಲೆಯಲ್ಲಿ ನೀರು ಕಾಯುತ್ತಿತ್ತು. ಅಕ್ಕ ಎಣ್ಣೆಬಟ್ಟಲು ಹಿಡಿದು ಬಂದು, "ಬಾರೇ, ನಂಗೊಸಿ ಎಣ್ಣೆ ಅಚ್ಚು" ಎಂದಳು. ನನಗೆ ಆಶ್ಚರ್ಯ. ಮದುವೆಗೆ ಮುಂಚೆ ಹಬ್ಬದ ದಿನ ಒಬ್ಬರಿಗೊಬ್ಬರು ಹಚ್ಚಿಕೊಳ್ಳುತ್ತಿದ್ದೆವು. ಆಮೇಲೆ ಎಷ್ಟೋ ವರ್ಷ ನಾನು ಅವಳನ್ನು ಮುಟ್ಟಿರಲೇ ಇಲ್ಲ.

"ಮಕ್ಕಳಿದಾರಲ್ಲ, ಅವ್ರು ಅಚ್ತಾರೆ" ಎಂದೆ.

"ಅವರ ಕೈ ನಾಯಿ ನೆಕ್ಕಿದಂಗಿರ್ತದೆ. ನಿನ್ ಕೈ ಬೇಕು ನಂಗೆ."

ಬಚ್ಚಲಲ್ಲಿ ಮಣೆಯ ಮೇಲೆ ಕೂತಳು. ತಲೆ, ಕುತ್ತಿಗೆ, ಬೆನ್ನು ತಿಕ್ಕಿದೆ. ಬಲಗೈ ಎತ್ತಿದಳು. ಕಂಕುಳಿನಿಂದ ಎದೆಯ ಪಕ್ಕಕ್ಕೆ ಕೈ ಇಳಿದಾಗ ನನ್ನ ಬೆರಳುಗಳು ತಾವಾಗಿ ನಿಂತವು. ಹುಣಸೆಬೀಜದಷ್ಟು ದಪ್ಪ, ಕಲ್ಲಿನಷ್ಟು ಗಟ್ಟಿ, ಒತ್ತಿದರೆ ಜಾರಲಿಲ್ಲ. ಇಷ್ಟು ವರ್ಷ ನನ್ನ ಮೈಯಲ್ಲಿ ಹುಡುಕಿ ಹುಡುಕಿ ಸಿಗದಿದ್ದದ್ದು ಅಲ್ಲಿತ್ತು. ತಪ್ಪಲು ಸಾಧ್ಯವೇ ಇರಲಿಲ್ಲ. ಕಾಣದ ದೇವರನ್ನು ಜೀವಮಾನವಿಡೀ ಪೂಜಿಸಿದವನು ದೇವರು ಎದುರಿಗೆ ಬಂದರೆ ಗುರುತು ಹಿಡಿಯುವುದಿಲ್ಲವೆ?

ಆ ಕ್ಷಣದಲ್ಲಿ ನನಗೆ ಏನನ್ನಿಸಿತು ಎನ್ನುವುದನ್ನು ಇಷ್ಟು ದಿನ ಯಾರಿಗೂ ಹೇಳಿಲ್ಲ. ದುಃಖ ಆಮೇಲೆ ಬಂತು. ಮೊದಲು ಬಂದದ್ದು, ಸಾಸಿವೆಯಷ್ಟು, ಆದರೆ ಬಂದದ್ದು ನಿಜ: ಹಾಗಾದರೆ ನನಗಲ್ಲ. ಅದರ ಬೆನ್ನಿಗೇ ಇನ್ನೊಂದು, ಇನ್ನೂ ನಾಚಿಕೆಗೇಡಿನದು. ಹದಿನೇಳನೇ ವಯಸ್ಸಿನಿಂದ ನನಗೆಂದೇ ಗೊತ್ತುಮಾಡಿಟ್ಟಿದ್ದ ರೋಗವನ್ನೂ, ಮಾವನನ್ನು ತೆಗೆದುಕೊಂಡ ಹಾಗೆ, ಇವಳೇ ತೆಗೆದುಕೊಂಡಳಲ್ಲ.

ಕೈ ಮುಂದಕ್ಕೆ ಸಾಗಿತು. ನಾನು ಏನೂ ಹೇಳಲಿಲ್ಲ.

ಹಬ್ಬದ ದಿನ ಹೇಗೆ ಹೇಳುವುದು ಎಂದುಕೊಂಡೆ. ಅದು ನೆಪ. ನಿಜವಾದ ಹೆದರಿಕೆ ಬೇರೆ: ನಾನು ಹೇಳಿದರೆ, ಇವಳ ಕಣ್ಣು ಬಿದ್ದೇ ಆಗಿದ್ದು ಎನ್ನುತ್ತಾರೆ. ನನ್ನ ಹೊಟ್ಟೆಕಿಚ್ಚು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಅದನ್ನು ನಾನೇನೂ ಟ್ರಂಕಿನಲ್ಲಿ ಬಚ್ಚಿಟ್ಟಿರಲಿಲ್ಲ. ನನ್ನ ಬೆರಳು ಮುಟ್ಟಿದ ಜಾಗದಲ್ಲೇ ಗಡ್ಡೆ ಸಿಕ್ಕಿತು ಎಂದರೆ ಯಾರು ಬಿಟ್ಟಾರು? ನನಗೇ ಅನುಮಾನವಿತ್ತು.

ಅಕ್ಕ ಸ್ನಾನ ಮುಗಿಸಿ ಬಂದವಳು ಅವತ್ತು ಎಂದೂ ಇಲ್ಲದಷ್ಟು ಹಗುರವಾಗಿದ್ದಳು. ಬೇವುಬೆಲ್ಲ ಹಂಚಿದಳು. ಹೋಳಿಗೆ ತಟ್ಟುತ್ತ ಪದ ಹೇಳಿಕೊಂಡಳು. ಮಾವನ ಎಲೆಗೆ ತುಪ್ಪ ಸುರಿದು, "ತಿನ್ನಯ್ಯ, ವರ್ಷಕ್ಕೊಂದ್ ದಿನ" ಎಂದು ರೇಗಿಸಿದಳು. ಆ ನಗುವನ್ನು ನೋಡಿ ನನಗೆ ಅಯ್ಯೋ ಎನ್ನಿಸಿತು. ಜೊತೆಗೆ, ಹೇಳಿಯೇಬಿಡುತ್ತೇನೆ, ಹೊಟ್ಟೆಯೂ ಉರಿಯಿತು. ಇಷ್ಟು ದೊಡ್ಡದನ್ನು ಮೈಯಲ್ಲಿಟ್ಟುಕೊಂಡೂ ಇವಳಿಗೆ ಹೀಗೆ ನಗಲು ಬರುತ್ತದೆ; ಏನೂ ಇಲ್ಲದ ನನಗೆ ಬರುವುದಿಲ್ಲ.

ಸಂಜೆಯ ರೈಲಿಗೆ ಬಂಗಾರಪೇಟೆಗೆ ಮರಳಿದೆ. ಎಂಟು ದಿನ ಸುಮ್ಮನಿದ್ದೆ. ಸ್ಕೂಲಿನಲ್ಲಿ ಕಪ್ಪುಹಲಗೆಯ ಮೇಲೆ ಬರೆಯುವಾಗ ಸೀಮೆಸುಣ್ಣ ಬೆರಳಿಗೆ ತಗುಲಿದರೆ ಆ ಗಟ್ಟಿ ಗಂಟು ನೆನಪಾಗುತ್ತಿತ್ತು. ಎಂಟನೆಯ ದಿನ ಗಂಡನಿಗೆ ಹೇಳಿದೆ. ಅವನು ಈ ಸಲ ಕಾಫಿ ಕೇಳಲಿಲ್ಲ. "ನಿನ್ನ ಮೈಯಾಗೆ ಇಲ್ಲದ್ದು ಸಿಕ್ಕಿದಾಗೆಲ್ಲ ಬೀದಿಗೆಲ್ಲ ಕೇಳಂಗೆ ಅತ್ತೆ. ಅವಳ ಮೈಯಾಗೆ ಇರೋದು ಸಿಕ್ಕಿದ್ರೆ ಬಾಯಿ ಮುಚ್ಕೊಂಡು ಬಂದ್ಯಾ?" ಎಂದ. ಮದುವೆಯಾದ ಮೇಲೆ ಅವನು ಆಡಿದ ಗಡಸು ಮಾತು ಅದೊಂದೇ. ಮಾರನೆಯ ದಿನ ಬೆಳಗಿನ ರೈಲು ಹತ್ತಿದೆ.

ಅಕ್ಕ ಹಿತ್ತಲಲ್ಲಿ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ಬೇರೆ ಕೆಲಸ ಸಿಗಲಿಲ್ಲವೇ ಇವಳಿಗೆ ಎಂದುಕೊಂಡೆ. ಮಾವ ಗಣಿಗೆ, ಮಕ್ಕಳು ಸ್ಕೂಲಿಗೆ ಹೋಗಿದ್ದರು. ಎದುರಿಗೆ ಕೂತು ನಾನೂ ಒಂದು ಹಣ್ಣು ಬಿಡಿಸಿ, "ಅಕ್ಕ, ಅವತ್ತು ಎಣ್ಣೆ ಅಚ್ಚುವಾಗ ನಿನ್ ಪಕ್ಕದಾಗೆ ಒಂದು ಗಂಟು ಸಿಕ್ತು" ಎಂದೆ.

ಅವಳ ಕೈ ನಿಂತಿತು. ಮುಖ ಎತ್ತಲಿಲ್ಲ.

"ಸಿಕ್ತಾ ನಿಂಗೆ?"

"ಸಿಕ್ತು."

"ಸಿಕ್ಕಿದ್ದು ಅವತ್ತೇ ಯಾಕೆ ಏಳ್ಲಿಲ್ಲ?"

ನಾನು ಇನ್ನೊಂದು ಹಣ್ಣು ಕೈಗೆತ್ತಿಕೊಂಡೆ. ಅವಳು ಕೈಯಲ್ಲಿದ್ದ ಬೀಜವನ್ನು ನಿಧಾನವಾಗಿ ಮೊರದಲ್ಲಿಟ್ಟಳು.

"ನಂಗೆ ದೀಪಾವಳಿಯಿಂದ ಗೊತ್ತು ಕಣೇ. ಅಪ್ಪನ್ ಮೂಗಿನೋಳಿಗೆ ಅದೆಲ್ಲ ಬರಲ್ಲ, ಇದು ಬೇರೆ ಏನೋ ಅಂದ್ಕೊಂಡೆ. ಸಂಕ್ರಾಂತಿ ಒತ್ತಿಗೆ ಒಸಿ ದಪ್ಪ ಆಯ್ತು. ಯಾರನ್ನ ಕೇಳ್ಲಿ? ನಿನ್ ಕೈ ಒಂದೇ ನಂಗೆ ತೋಚಿದ್ದು. ಇಷ್ಟು ವರ್ಷ ವಾರ ವಾರ ಹುಡುಕಿರೋ ಕೈ ಅದು, ಇದ್ರೆ ಇಡೀತದೆ, ಅದಕ್ಕೇ ಎಣ್ಣೆ ಅಚ್ಚು ಅಂದೆ." ಮೊರವನ್ನು ಪಕ್ಕಕ್ಕೆ ಸರಿಸಿ ಹೇಳಿದಳು: "ನೀನು ಮುಟ್ಟಿ ಸುಮ್ಕಾದೆ. ನೀನೇ ಸುಮ್ಕಾದ್ ಮ್ಯಾಲೆ ಏನೂ ಇಲ್ಲ ಅಂತ ನಂಬ್ಬಿಟ್ಟೆ."

ಹೋಳಿಗೆ ತಟ್ಟುವಾಗಿನ ಆ ಪದ, ಆ ನಗು, ಆ ತುಪ್ಪ ಎಲ್ಲದರ ಅರ್ಥ ನನಗೆ ಆಗ ತಿಳಿಯಿತು. ನನ್ನ ಮೌನವನ್ನು ಅವಳು ಡಾಕ್ಟರ ಚೀಟಿಯಂತೆ ತೆಗೆದುಕೊಂಡು ಹಬ್ಬ ಮಾಡಿದ್ದಳು. ಆ ಹಬ್ಬಕ್ಕೇ ನಾನು ಹೊಟ್ಟೆ ಉರಿಸಿಕೊಂಡಿದ್ದೆ.

ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ಅಕ್ಕ, ಮಾವ, ನಾನು ಮೂವರೂ ಹೋದೆವು. ಅಲ್ಲಿನ ಲೇಡಿ ಡಾಕ್ಟರಿಗೆ ನನಗಿಂತ ಸ್ವಲ್ಪ ಹೆಚ್ಚು ವಯಸ್ಸು; ತುಂಬ ನಿಧಾನವಾಗಿ ಮಾತಾಡುವವರು. ಅಕ್ಕನನ್ನು ಪರೀಕ್ಷೆ ಮಾಡಿ ಆದಮೇಲೆ, "ಮನೆಯಲ್ಲಿ ಯಾರಿಗಾದರೂ ಇತ್ತಾ?" ಎಂದು ಕೇಳಿ ಒಂದು ಕಾಗದ ತೆಗೆದರು. ಹೆಂಗಸಿಗೊಂದು ಸೊನ್ನೆ, ಗಂಡಸಿಗೊಂದು ಚೌಕ. ಅಜ್ಜಿಯ ಸೊನ್ನೆಗೆ ಮಸಿ ತುಂಬಿದರು. ಅಮ್ಮನ ಸೊನ್ನೆಗೂ. ಆಮೇಲೆ ಅಕ್ಕನ ಸೊನ್ನೆಯಿಂದ ಗಂಡನ ಕಡೆಗೆ ಗೆರೆ ಎಳೆಯಲು ಹೋಗಿ, "ಗಂಡನ ಕಡೆ?" ಎಂದರು.

"ಇವ್ರೇ" ಎಂದಳು ಅಕ್ಕ. "ನಮ್ಮಮ್ಮನ್ ತಮ್ಮ."

ಡಾಕ್ಟರು ಗೆರೆಯನ್ನು ಸುತ್ತಿಸಿ ಮತ್ತೆ ಅದೇ ಅಜ್ಜಿಯ ಸೊನ್ನೆಗೆ ತಂದು ಸೇರಿಸಿದರು. ಅದು ಮರದ ಚಿತ್ರವೋ ಬಾಗಿಲ ರಂಗೋಲಿಯೋ ತಿಳಿಯದಂತಾಯಿತು. ಅವರಿಗೂ ನಗು ಬಂತು.

ನಾನು ತಡೆಯಲಾಗದೆ ಕೇಳಿದೆ. "ಡಾಕ್ಟ್ರಮ್ಮ, ಅಮ್ಮನ ಮುಖ, ಅಮ್ಮನ ಮೂಗು ಬಂದಿರುವವಳು ನಾನು. ಇವಳಿಗೆ ಹೇಗೆ ಬಂತು?"

"ಯಾರು ಹೇಳಿದರು ಮುಖ ನೋಡಿ ಬರುತ್ತೆ ಅಂತ?" ಎಂದರು. "ಅಮ್ಮನಿಂದ ಅರ್ಧ, ಅಪ್ಪನಿಂದ ಅರ್ಧ ಪಾಲು ಎಲ್ಲ ಮಕ್ಕಳಿಗೂ ಬರುತ್ತೆ. ಯಾವ ಅರ್ಧದಲ್ಲಿ ಏನಿರುತ್ತೆ ಅಂತ ಹೊರಗಿನಿಂದ ಕಾಣಿಸಲ್ಲ. ಮೂಗಿನದು ಒಂದು ದಾರಿ, ಇದು ಬೇರೆ ದಾರಿ. ಕೆಲವು ಮನೆತನಗಳಲ್ಲಿ ಹೀಗೆ ಹರಿದು ಬರುತ್ತೆ. ಆ ಮನೆಯಲ್ಲೂ ಎಲ್ಲರಿಗೂ ಬಂದೇ ಬರುತ್ತೆ ಅಂತಿಲ್ಲ." ಮಾವನ ಚೌಕದ ಮೇಲೆ ಪೆನ್ನಿಟ್ಟು ಹೇಳಿದರು: "ಗಂಡಸರ ಮೂಲಕವೂ ದಾಟಬಹುದು. ಅವರಿಗೆ ಏನೂ ಆಗದೇ ಇರಬಹುದು, ಮಗಳಿಗೆ ಕೊಟ್ಟಿರಬಹುದು. ಅದಕ್ಕೇ ಇವರ ಹೆಣ್ಣುಮಕ್ಕಳಿಬ್ಬರ ಮೇಲೂ ಮುಂದೆ ಕಣ್ಣಿಟ್ಟಿರಿ. ಇಬ್ಬರ ಮೇಲೂ. ಮೂಗು ನೋಡಿ ಒಬ್ಬಳನ್ನ ಬಿಡಬೇಡಿ."

ನಾನು ಮಾವನ ಕಡೆ ತಿರುಗಿದೆ. ಸಣ್ಣಜ್ಜಿ ನಮ್ಮಿಬ್ಬರ ಗಲ್ಲ ಹಿಡಿದು ಬಿಸಿಲಿಗೆ ತಿರುಗಿಸಿದ್ದಳು, ಮೀಸೆ ತಿರುವುತ್ತ ನೆಲ ನೋಡಿದವನನ್ನು ಯಾರೂ ತಿರುಗಿಸಿ ನೋಡಿರಲಿಲ್ಲ. ಅವನೂ ಅದೇ ಅಜ್ಜಿಯ ಮಗನಲ್ಲವೆ? ಆ ಮೀಸೆಯ ಹಿಂದೆಯೂ ಅದು ಕೂತಿರಬಹುದಿತ್ತು. ಮನೆಯ ಒಳಗೇ ಇರಬಹುದಾಗಿದ್ದುದು ಮನೆಯ ಒಳಕ್ಕೆ ಬರಬಾರದು ಎಂದು ನನ್ನನ್ನು ಹೊರಗೆ ಕಳಿಸಿದ್ದರು.

ಮಾವ ಟೋಪಿಯನ್ನು ಕೈಯಲ್ಲಿ ಹಿಸುಕುತ್ತ ಆ ಕಾಗದವನ್ನೇ ನೋಡುತ್ತಿದ್ದ. "ಇಷ್ಟು ವರ್ಷ ಕಲ್ಲು ಕೆತ್ತಿ ಚೀಲಕ್ಕಾಕಿದೀನಿ" ಎಂದ, ಯಾರಿಗೆ ಎಂದಿಲ್ಲದೆ. "ಮೇಲೆ ನೋಡಿ ಏಳಕ್ಕಾಗಲ್ಲ ಅಂತ ಊರಿಗೆಲ್ಲ ಏಳ್ಕೊಂಡು ಬಂದೆ. ನನ್ ಮನೆಯಾಗೆ ಮಾತ್ರ ಮೂಗು ನೋಡ್ಬಿಟ್ಟೆ."

ಹೊರಗೆ ಬರುವಾಗ ನಾನು ಹಿಂದೆ ಉಳಿದು ಆ ಎಂಟು ದಿನದ ಬಗ್ಗೆ ಡಾಕ್ಟರನ್ನು ಗುಟ್ಟಾಗಿ ಕೇಳಿದೆ. "ಎಂಟು ದಿನದಿಂದ ಹೆಚ್ಚು ವ್ಯತ್ಯಾಸ ಆಗಲ್ಲ. ದೀಪಾವಳಿಯಿಂದ ಕಾದರಲ್ಲ, ಅದು ದೊಡ್ಡದು" ಎಂದರು. ಸಮಾಧಾನವಾಗಬೇಕಿತ್ತು. ದೀಪಾವಳಿಯಿಂದ ಅವಳನ್ನು ಕಾಯಿಸಿದ್ದೂ ಅದೇ ಮೂಗು. ಆ ಮೂಗಿಗೆ ಅಷ್ಟು ಬೆಲೆ ಕಟ್ಟಿ ಕೂತವರಲ್ಲಿ ನಾನೇ ಮೊದಲನೆಯವಳು.

ಆಪರೇಷನ್ ಆಯಿತು. ಆಮೇಲೆ ವಾರಗಟ್ಟಲೆ ಕರೆಂಟು, ಅಂದರೆ ರೇಡಿಯೇಷನ್, ಕೊಟ್ಟರು. ಅಕ್ಕ ಉಳಿದಳು. ಬಲಗೈ ಮಾತ್ರ ಊದಿಕೊಂಡು ಭಾರವಾಯಿತು. ರಾಗಿಮುದ್ದೆ ತಿರುವುವುದನ್ನು ಮಾವ ಕಲಿಯಬೇಕಾಯಿತು. ಅವನ ಮುದ್ದೆ ಗಂಟುಗಂಟು. "ಇದರಾಗೆ ಸಿಕ್ಕೋ ಗಂಟು ಯಾವ ಡಾಕ್ಟ್ರಿಗೆ ತೋರ್ಸಲಿ?" ಎಂದು ಅಕ್ಕ ನಗುತ್ತಿದ್ದಳು. ಮಾವ ನಗುತ್ತಿರಲಿಲ್ಲ.

ಎರಡು ವರ್ಷ ಕಳೆದ ಮೇಲಿನ ಯುಗಾದಿಗೆ ಮತ್ತೆ ಊರಿಗಾಂಗೆ ಹೋದೆ. ಅಕ್ಕ ಎಣ್ಣೆಬಟ್ಟಲನ್ನು ನನ್ನ ಕೈಗೆ ಕೊಟ್ಟು ಹೆಣ್ಣುಮಕ್ಕಳಿಬ್ಬರನ್ನೂ ಬಚ್ಚಲಿಗೆ ಕಳಿಸಿದಳು. ಇನ್ನೂ ಚಿಕ್ಕವರು, ಏನೂ ಇರುವ ವಯಸ್ಸಲ್ಲ. ಆದರೂ ಇಬ್ಬರಿಗೂ ಹಚ್ಚಿದೆ. ಉಂಡೆ ಮೂಗಿನವಳಿಗೂ ನೀಳ ಮೂಗಿನವಳಿಗೂ ಒಂದೇ ಸಮ. ಹೇಗೆ ಮುಟ್ಟಿ ನೋಡಿಕೊಳ್ಳಬೇಕು ಎಂದು ಹೇಳಿಕೊಟ್ಟೆ. ಅವು ಕಚಗುಳಿ ಎಂದು ಕಿಸಿಕಿಸಿ ನಕ್ಕವು.

ಅವರು ಹೊರಗೆ ಹೋದ ಮೇಲೆ ಅಕ್ಕ ಒಳಗೆ ಬಂದಳು. "ಕೂತ್ಕೊ" ಎಂದಳು.

"ನಂಗ್ಯಾಕೆ? ನಾನೇ ನೋಡ್ಕೊತೀನಿ ವಾರವಾರ."

"ನಿನ್ ಕೈನ ನಾನಿನ್ನು ನಂಬಲ್ಲ. ಕೂತ್ಕೊಳೇ."

ಮಣೆಯ ಮೇಲೆ ಕೂತೆ. ಅವಳು ಎಡಗೈಯಿಂದ ಎಣ್ಣೆ ತಿಕ್ಕಿದಳು, ಅಭ್ಯಾಸವಿಲ್ಲದ ಒರಟು ಕೈ. ಕಂಕುಳಿನ ಹತ್ತಿರ ಬಂದು ನಿಂತಿತು. ಒತ್ತಿತು. ಮತ್ತೆ ಒತ್ತಿತು. ಅವಳು ಮಾತಾಡಲಿಲ್ಲ. ಒಲೆಯ ಮೇಲೆ ಹಂಡೆಯ ನೀರು ಕೊತಕೊತ ಎನ್ನುತ್ತಿತ್ತು. ಸಾಯಲು ಮತ್ತೊಮ್ಮೆ ಸಿದ್ಧಳಾದೆ. ಈ ಸಲ ನಿಜವಾಗಿ.

"ಯಾಕಕ್ಕ? ಏನ್ ಸಿಕ್ತು? ಬಾಯಿ ಬಿಡೇ!"

"ನೀನು ಎಂಟ್ ದಿನ ಸುಮ್ಕಿದ್ದೆ. ನಾನು ಒಂದ್ ಗಳಿಗೆ ಸುಮ್ಕಿರಬಾರದಾ?" ಎಂದು ಬೆನ್ನ ಮೇಲೊಂದು ಗುದ್ದಿದಳು. ಆಮೇಲೆ ಕೈ ತೆಗೆದುಕೊಂಡು, "ಏನೂ ಇಲ್ಲ, ಓಗು. ನಿಂಗೆ ಏನೂ ಇಲ್ಲ" ಎಂದಳು.

ಎರಡನೆಯ ಸಲ ಹೇಳುವಾಗ ಅವಳ ದನಿ ಸ್ವಲ್ಪ ಬೇರೆಯಾಯಿತು. ಹಂಡೆಯ ಕಡೆ ತಿರುಗಿ ನೀರು ಬೆರೆಸುತ್ತಿದ್ದವಳ ಮುಖ ನನಗೆ ಕಾಣಲಿಲ್ಲ. ಕಾಣಬೇಕಾಗಿಯೂ ಇರಲಿಲ್ಲ. ಆ ದನಿಯನ್ನು ನಾನು ಎಲ್ಲಿದ್ದರೂ ಗುರುತಿಸುತ್ತೇನೆ. ಹೊಟ್ಟೆಕಿಚ್ಚಿನ ದನಿ ಅದು, ಹದಿನೇಳನೇ ವಯಸ್ಸಿನಿಂದ ನನ್ನದೇ ಆಗಿತ್ತು.